ಹೇಳಿದವರು: ಒಬ್ಬ ವೃದ್ಧೆ

ಹೋದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊಸದುರ್ಗದ ನಮ್ಮ ಮನೆಗೆ ಬಂದಿದ್ದಳು. ಹಿರಿಯೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹುಡುಗಿ. ಎಂ.ಎ. ಮುಗಿಸಿದ್ದಾಳೆ, ಪಿಎಚ್.ಡಿ. ಮಾಡುವ ಹಂಬಲ. ವಿಷಯ, ಅವಳ ಅಜ್ಜಿ, ಅತ್ತೆಯರು ಹಾಡುವ ಪದಗಳು. ಬರಿಯ ಪದಗಳಲ್ಲ, ಯಾರು ಎಲ್ಲಿ ಹಾಡಬಹುದು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಆ ಗೆರೆ ಎಳೆದವರು ಯಾರು ಎಂಬುದು. "ಸಂಗೀತ ವಿಭಾಗದಲ್ಲಿ ಕೇಳಿದರೆ ಇದು ಮಹಿಳಾ ಅಧ್ಯಯನ ಅಂತಾರೆ ಮಿಸ್. ಅಲ್ಲಿಗೆ ಹೋದರೆ ಜಾನಪದದವರನ್ನು ಕೇಳು ಅಂತಾರೆ" ಎಂದಳು. ಕೊನೆಗೆ ಹಿರಿಯ ಪ್ರಾಧ್ಯಾಪಕರೊಬ್ಬರು ನಕ್ಕು, "ಸಂಗೀತದಲ್ಲಿ ಗಂಡೇನಮ್ಮಾ, ಹೆಣ್ಣೇನಮ್ಮಾ? ಏಳು ಸ್ವರಕ್ಕೆ ಭೇದ ಉಂಟೇ?" ಎಂದರಂತೆ.

ಕೇಳಲು ಎಷ್ಟು ಸೊಗಸಾದ ಮಾತು! ಸ್ವರಕ್ಕೆ ಭೇದವಿಲ್ಲ ಸ್ವಾಮಿ, ಒಪ್ಪಿದೆ. ಹಾಡುವವರು ಕೂರುವ ಜಾಗಕ್ಕೆ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ?

ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರು ನಾಗರತ್ನಮ್ಮ ಎಂದು ಹೆಸರಾದ ಗಾಯಕಿಯನ್ನೇ ನೋಡಿ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಾನು ದುಡಿದ ಹಣದಲ್ಲಿ ಗುಡಿ ಕಟ್ಟಿಸಿದಳು. ಆದರೆ ಅಲ್ಲಿ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ದುಡ್ಡು ಆಗುತ್ತದೆ, ದನಿ ಆಗುವುದಿಲ್ಲ! ಆಕೆ ಅಳುತ್ತ ಕೂರದೆ 1927ರಲ್ಲಿ ಹೆಂಗಸರದೇ ಬೇರೆ ಆರಾಧನೆ ಶುರುಮಾಡಿದಳು. ಇದಕ್ಕೂ ಮೊದಲು, 1910ರಲ್ಲಿ, ಮುದ್ದುಪಳನಿ ಎಂಬ ಹಳೆಯ ತೆಲುಗು ಕವಯಿತ್ರಿಯ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ಏನನ್ನೂ ಕತ್ತರಿಸದೆ ಅಚ್ಚು ಹಾಕಿಸಿದ್ದಳು. ಮರುವರ್ಷವೇ ಅಶ್ಲೀಲವೆಂದು ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಗಂಡು ಕವಿಗಳ ಶೃಂಗಾರವನ್ನು ತರಗತಿಯಲ್ಲೇ ಓದಿ ಪರೀಕ್ಷೆ ಪಾಸು ಮಾಡಿದವಳು ನಾನು. ಅದನ್ನು ಯಾರೂ ಅಶ್ಲೀಲವೆಂದದ್ದು ನೆನಪಿಲ್ಲ.

ಇದೆಲ್ಲ ನಮ್ಮ ದೇಶದ ಪೀಡೆ ಮಾತ್ರ ಎಂದುಕೊಳ್ಳಬೇಡಿ. ಜಗತ್ತಿಗೆಲ್ಲ ಸಂಗೀತ ಕಲಿಸುತ್ತೇವೆನ್ನುವ ವಿಯೆನ್ನಾದ ಫಿಲ್ಹಾರ್ಮೋನಿಕ್ ವಾದ್ಯವೃಂದ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1997ರಲ್ಲಿ.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರಿಟ್ಟಿದ್ದೇವೆ, ಸಂತೋಷ. ಗಂಡಸಾದರೆ ಪಂಡಿತ್, ಉಸ್ತಾದ್ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಆಕೆಯೇ ಹೇಳುತ್ತಿದ್ದರಂತೆ. ನನ್ನನ್ನು ಇನ್ನೂ ಕಾಡುವುದು ಅವರ ತಾಯಿ ಅಂಬಾಬಾಯಿ. ಆಕೆ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡು ಅವಳ ಕಿವಿಗೆ ಬಿದ್ದು ಕಲಿಕೆ ಕೆಡಬಾರದೆಂದು ತಾನು ಹಾಡುವುದನ್ನೇ ಬಿಟ್ಟರು. ನಾವೆಲ್ಲ ಇದನ್ನು ತಾಯಿಯ ತ್ಯಾಗ ಎಂದು ಕಣ್ಣೊರೆಸಿಕೊಂಡು ಮುಂದೆ ಹೋಗುತ್ತೇವೆ. ಆ ನಿಂತುಹೋದ ಹಾಡು ಎಂಥದಿತ್ತು ಎಂದು ಕೇಳುವುದು ವಿದ್ಯೆಯಲ್ಲವೇ?

ದೂರದ ಮಾತು ಬೇಡ. ನಮ್ಮ ಚಿತ್ರದುರ್ಗದಲ್ಲಿ ಒನಕೆ ಎಂದರೆ ಓಬವ್ವ. 1972ರ 'ನಾಗರಹಾವು' ಚಿತ್ರದಲ್ಲಿ ಓಬವ್ವನಾಗಿ ಜಯಂತಿ ಒನಕೆ ಎತ್ತುವ ಹಾಡನ್ನು ನಾನು ಎಷ್ಟು ಸಲ ಶಾಲಾ ವಾರ್ಷಿಕೋತ್ಸವಕ್ಕೆ ಹುಡುಗಿಯರಿಂದ ಕುಣಿಸಿಲ್ಲ! ಹಾಡಿದವರು ಪಿ.ಬಿ. ಶ್ರೀನಿವಾಸ್. ಈಗಲೂ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲಾರೆ. ಆದರೂ ಒನಕೆ ಹಿಡಿದವಳ ಕತೆಯನ್ನು ಒಂದು ಹೆಣ್ಣುದನಿ ಯಾಕೆ ಹಾಡಲಿಲ್ಲ ಎಂಬುದು ನನಗೆ ಹೊಳೆದದ್ದು ಮೊನ್ನೆ, ಈ ಹುಡುಗಿ ಕೇಳಿದ ಮೇಲೆ. ಒನಕೆ ಹಿಡಿದು ಕುಟ್ಟುವಾಗ, ರಾಗಿಕಲ್ಲು ತಿರುಗಿಸುವಾಗ ಹೆಂಗಸರು ಹಾಡುತ್ತಿದ್ದರಲ್ಲ, ಅದು ಯಾವ ಸಿನಿಮಾಕ್ಕೂ ಬೇಕಾಗಲಿಲ್ಲ.

ಆ ಹಾಡನ್ನು ನಾನು ಕೇಳಿದ್ದು ಹೊಳಲ್ಕೆರೆಯ ನಮ್ಮ ಅಜ್ಜಿಯ ಬಾಯಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಪೇಟೆಯಿಂದ ಒಬ್ಬರು ಟೇಪ್ ರೆಕಾರ್ಡರ್ ಹೊತ್ತು ಬಂದರು. ಮೂರು ದಿನ ಜಗುಲಿಯ ಮೇಲೆ ಕೂತು, ರೊಟ್ಟಿ ತಿಂದು, ಅಜ್ಜಿಯ ಹಾಡನ್ನೆಲ್ಲ ತುಂಬಿಕೊಂಡು ಹೋದರು. ಪುಸ್ತಕ ಬಂತು. ರಟ್ಟಿನ ಮೇಲೆ ಅವರ ಹೆಸರು, ಒಳಗೆ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ 'ಹೇಳಿದವರು: ಹೊಳಲ್ಕೆರೆಯ ಒಬ್ಬ ವೃದ್ಧೆ'. ಎಲ್ಲರೂ ಹೀಗೆಂದು ದೂರಲಾರೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ಹಾಡಿದಾಕೆ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿದಾಗ ಆಕೆಯ ಹೆಸರೂ ಉಳಿಯಿತು.

ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು. ಹಟ್ಟಿಯಲ್ಲಿ ಜುಂಜಪ್ಪನಿಗೆ ಗಣೆ ಊದುವವರು ಗಂಡಸರು. ಮುಟ್ಟಾದ ಹೆಣ್ಣನ್ನು, ಬಾಣಂತಿಯನ್ನು ಹಟ್ಟಿಯ ಹೊರಗಿಡುವ ಪದ್ಧತಿ ಅಲ್ಲಲ್ಲಿ ಇನ್ನೂ ಇದೆ. "ಹೊರಗೆ ಕೂತವಳು ಒಳಗಿನ ದೇವರ ಮೇಲೆ ಹೇಗೆ ಪದ ಕಟ್ಟುತ್ತಾಳೆ ಮಿಸ್?" ಎಂದು ಕೇಳುತ್ತಾಳೆ. ಇದನ್ನು ಕೇಳಲು ಅವಳಿಗಿಂತ ಅರ್ಹರು ಯಾರಿದ್ದಾರೆ? ಆ ಹೊರಗೆ ತಾನೇ ಕೂತು ಬಂದವಳು ಅವಳು. ಇದನ್ನೋದಿದರೆ ಯಾವ ನೌಕರಿ ಸಿಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಅವರ ಮಗ ಶಾಸನಗಳ ಮೇಲೆ ಪಿಎಚ್.ಡಿ. ಮಾಡುವಾಗ ಈ ಪ್ರಶ್ನೆ ಎಲ್ಲಿಗೆ ಹೋಗಿತ್ತೋ!

ಇಷ್ಟು ಬರೆದವಳು ಅಜ್ಜಿಯ ಹೆಸರನ್ನು ಇಲ್ಲೂ ಬರೆದಿಲ್ಲವಲ್ಲ ಎಂದು ನೀವು ಗಮನಿಸಿರಬಹುದು. ಬರೆಯುತ್ತೇನೆಂದು ಅಣ್ಣನಿಗೆ ಫೋನು ಮಾಡಿದ್ದೆ. "ನಮ್ಮ ಮನೆ ಹೆಂಗಸು ಹಾಡುವವಳು ಅಂತ ಊರಿಗೆಲ್ಲ ಸಾರಬೇಕೇನೇ? ಮನೇಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ" ಎಂದ. ಐವತ್ತು ದಾಟಿದ, ನಾಲ್ಕು ಜನಕ್ಕೆ ಪಾಠ ಹೇಳುವ ನಾನೂ ಸುಮ್ಮನಾದೆ. ಹುಡುಗಿಯ ನೋಟ್‌ಬುಕ್ಕಿನಲ್ಲಿ ಮಾತ್ರ ನಾನೇ ಬರೆದುಕೊಟ್ಟಿದ್ದೇನೆ, ಕೋಂ ಇಂಥವರು ಎಂದು ಸೇರಿಸದೆ, ಬರಿಯ ಅವಳ ಹೆಸರು. ಅವಳಿಗೆ ಗೈಡ್ ಇನ್ನೂ ಸಿಕ್ಕಿಲ್ಲ.