ನಾಯಿಗೊಂದು ಸಾವಿರ ವರ್ಷದ ಹೆಸರು

ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೊರಟರೆ ಯಾವುದೋ ಪರದೇಶಕ್ಕೆ ಬಂದ ಹಾಗಿರುತ್ತದೆ. ಮೊದಲ ಗೇಟಿನಲ್ಲಿ ಬ್ರೂನೋ, ಎದುರು ಮನೆಯಲ್ಲಿ ಆಸ್ಕರ್, ಮೂಲೆ ಮನೆಯ ಮಹಡಿ ಮೇಲೆ ರಾಕಿ, ಪಾರ್ಕಿನಲ್ಲಿ ಲಿಯೋ, ಅವನ ಹಿಂದೆ ಲೂಸಿ. ಮನೆಯವರ ಜತೆ ಅಪ್ಪಟ ಕನ್ನಡ ಮಾತಾಡುವವರೂ ನಾಯಿ ಮುಂದೆ ಬಂದರೆ 'ಸಿಟ್', 'ನೋ', 'ಕಮ್' ಅಂತಲೇ ಶುರು. ಹಳ್ಳಿ ಕಡೆ ಕರಿಯ, ಕೆಂಚ, ಬೆಳ್ಳಿ ಇನ್ನೂ ಉಳಿದುಕೊಂಡಿದ್ದಾರೆ, ನಿಜ. ಆದರೆ ಅಲ್ಲೂ ಟಾಮಿ, ಟೈಗರ್ ಕಾಲಿಟ್ಟು ಎಷ್ಟೋ ಕಾಲವಾಯಿತು. ಒಟ್ಟಿನಲ್ಲಿ ನಾಯಿಗೆ ಹೆಸರಿಡುವುದು ಐದು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಮೂರು ವಾರ ಹಿಡಿಯಿತು.

ಕಾರಣ ನನ್ನ ಮಗಳು. ಒಂಬತ್ತನೇ ಕ್ಲಾಸು. ಕೋಟೆ, ಕತ್ತಿ, ಕವಚ ತೊಟ್ಟ ಸರದಾರರ ಕಥೆ ಎಂದರೆ ಊಟ ಬಿಡುತ್ತಾಳೆ. ಹಿಂದಿನ ರಸ್ತೆಯಲ್ಲಿ ಮನೆ ಕಟ್ಟುತ್ತಿರುವ ಜಾಗದ ಮರಳಿನ ಗುಡ್ಡೆ ಹತ್ತಿರ ಸಿಕ್ಕ ಒಂದು ಹೆಣ್ಣುಮರಿಯನ್ನು ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಬಂದಳು. ಹುರಿದ ಶೇಂಗಾಬೀಜದ ಬಣ್ಣ, ಎದೆ ಮೇಲೊಂದು ಬಿಳಿ ಮಚ್ಚೆ, ಮೈಗಿಂತ ದೊಡ್ಡ ಕಿವಿ. ಬೀದಿನಾಯಿಯ ಮರಿಯೇ. 'ಅಮ್ಮಾ, ಇವಳಿಗೆ ಮಧ್ಯಯುಗದ ಹೆಸರೇ ಇಡಬೇಕು' ಅಂದಳು. ಮರಿ ಮನೆಯಲ್ಲಿ ಇರಬಹುದೋ ಬೇಡವೋ ಅನ್ನುವ ತೀರ್ಮಾನವೇ ಆಗಿರಲಿಲ್ಲ. ಹೆಸರಿನ ಚರ್ಚೆ ಶುರುವಾದ ಮೇಲೆ ಆ ಪ್ರಶ್ನೆ ತಾನಾಗಿ ಹಿಂದೆ ಸರಿಯಿತು. ಮಕ್ಕಳ ಉಪಾಯ!

ಮೊದಲ ಲಸಿಕೆಗೆ ಕರೆದುಕೊಂಡು ಹೋದಾಗ ಪಶುವೈದ್ಯರು ಕಾರ್ಡ್ ತೆಗೆದು 'ಹೆಸರು?' ಅಂದರು. ನಾವು ಮುಖ ಮುಖ ನೋಡಿಕೊಂಡೆವು. 'ಪರವಾಗಿಲ್ಲ, ಮೂರು ವಾರ ಬಿಟ್ಟು ಎರಡನೇ ಡೋಸಿಗೆ ಬರ್ತೀರಲ್ಲ, ಆಗ ಬರೆಯೋಣ' ಅಂತ ಆ ಜಾಗ ಖಾಲಿ ಬಿಟ್ಟರು.

ಮಗಳ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ಆರ್ಥರ್, ಲ್ಯಾನ್ಸ್‌ಲಾಟ್, ಗಿನಿವಿಯರ್. ನಮ್ಮ ಯಜಮಾನರಿಗೆ ಅಭಿಮಾನ ಕೆರಳಿತು. 'ಇಂಗ್ಲೆಂಡಿನವರೇ ಯಾಕೆ? ನಮ್ಮಲ್ಲಿ ರಾಜರಿಲ್ವಾ? ಮಯೂರ, ಪುಲಕೇಶಿ, ವಿಷ್ಣುವರ್ಧನ...' ಅಂತ ಎಣಿಸತೊಡಗಿದರು. 

ಅಷ್ಟರಲ್ಲಿ ನಮ್ಮ ಮಾವ ಪೇಪರ್ ಮಡಚಿಟ್ಟರು. ಮಾವ ಮದ್ದೂರು ಕಡೆ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿ ನಿವೃತ್ತಿಯಾದವರು. 'ಅಲ್ಲಯ್ಯಾ, ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನೇ ತಡೆದು ನಿಲ್ಲಿಸಿದವನು ಇಮ್ಮಡಿ ಪುಲಕೇಶಿ. ನೀನು ದಿನಾ ಬೆಳಿಗ್ಗೆ "ಛೀ ಪುಲಕೇಶಿ, ಚಪ್ಪಲಿ ಬಿಡು" ಅಂತೀಯಾ? ಇನ್ನು ವಿಷ್ಣುವರ್ಧನ ಅಂತ ಇಟ್ಟು ನೋಡು, ಹೊಯ್ಸಳರ ಮಾತು ಹಾಗಿರಲಿ, ಸಿನಿಮಾ ಅಭಿಮಾನಿಗಳು ನಿನ್ನನ್ನ ಬೀದೀಲಿ ನಡೆಯೋಕೆ ಬಿಡ್ತಾರಾ?' ಅಲ್ಲಿಗೆ ರಾಜರೆಲ್ಲ ಪಟ್ಟಿಯಿಂದ ಇಳಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಒಂದು ಮಾತು ಹೇಳಿದರು: 'ಪುಟ್ಟಿ, ಸರದಾರರ ಹೆಸರು ನಾಯಿಗೆ ಯಾಕೆ? ಆ ಸರದಾರರು ತಮ್ಮ ನಾಯಿಗಳನ್ನ ಏನಂತ ಕರೀತಿದ್ರು, ಅದನ್ನ ಹುಡುಕು.'

ಇದು ಒಳ್ಳೆಯ ಪ್ರಶ್ನೆ. ಹುಡುಕಿದಷ್ಟೂ ಸ್ವಾರಸ್ಯ ಸಿಕ್ಕಿತು, ಅದಕ್ಕೇ ಈ ವಾರದ ಅಂಕಣಕ್ಕೆ ಅದೇ ವಿಷಯ.

ಇಂಗ್ಲೆಂಡಿನಲ್ಲಿ ಹದಿನೈದನೇ ಶತಮಾನದ ಒಂದು ಹಸ್ತಪ್ರತಿ ಇದೆ. ಅದರಲ್ಲಿ ಬೇಟೆನಾಯಿಗಳಿಗೆ ಇಡಬಹುದಾದ ಹೆಸರುಗಳನ್ನು ಸಾಲಾಗಿ ಬರೆದಿದ್ದಾರೆ, ಒಂದೆರಡಲ್ಲ, 1,065! ಅದರಲ್ಲಿ ಒಂದು ನೋಸ್‌ವೈಸ್, ಅಂದರೆ ಮೂಗಿನ ಜಾಣ. ಒಂದು ಗಾರ್ಲಿಕ್, ನಮ್ಮ ಬೆಳ್ಳುಳ್ಳಿಯೇ. ಇನ್ನೊಂದು ನೇಮ್‌ಲೆಸ್, ಹೆಸರೇ ಇಲ್ಲದವ. ಹೆಸರು ತೋಚದೆ ಸುಸ್ತಾದ ಯಾವನೋ ಬೇಟೆಗಾರ ಕೊನೆಗೆ ಹೀಗೆ ಇಟ್ಟಿರಬೇಕು ಅಂತ ನಾವೆಲ್ಲ ನಕ್ಕೆವು. ಹದಿನಾಲ್ಕನೇ ಶತಮಾನದ ಕವಿ ಚಾಸರ್ ಬರೆದ ಕೋಳಿ ಮತ್ತು ನರಿಯ ಕಥೆಯಲ್ಲಿ ನರಿಯನ್ನು ಅಟ್ಟಿಕೊಂಡು ಓಡುವ ನಾಯಿಗಳಿಗೂ ಹೆಸರಿದೆ: ಕೋಲ್, ಟಾಲ್ಬಟ್, ಗರ್ಲೆಂಡ್. ಎಲ್ಲವೂ ದೂರದಿಂದ ಕೂಗಿದರೆ ಕೇಳುವಂಥ ಪುಟ್ಟ ಹೆಸರುಗಳು.

ಆರ್ಥರ್ ರಾಜನಿಗೂ ಒಂದು ನಾಯಿ ಇತ್ತಂತೆ. ಒಂಬತ್ತನೇ ಶತಮಾನದ ಒಂದು ಲ್ಯಾಟಿನ್ ಗ್ರಂಥದಲ್ಲಿ ಅದರ ಹೆಸರು ಕಬಾಲ್. ವೇಲ್ಸ್ ಸೀಮೆಯಲ್ಲಿ ಕಾಡುಹಂದಿಯ ಬೇಟೆಯಾಡುವಾಗ ಕಬಾಲ್‌ನ ಹೆಜ್ಜೆ ಒಂದು ಕಲ್ಲಿನ ಮೇಲೆ ಮೂಡಿತು. ಆರ್ಥರ್ ಕಲ್ಲುಗಳನ್ನು ಗುಡ್ಡೆ ಹಾಕಿಸಿ, ಆ ಹೆಜ್ಜೆಯ ಕಲ್ಲನ್ನು ಅದರ ಮೇಲಿಟ್ಟ. ಯಾರಾದರೂ ಅದನ್ನು ಹೊತ್ತುಕೊಂಡು ಹೋದರೂ ಮಾರನೇ ದಿನ ಕಲ್ಲು ತಾನಾಗಿ ಗುಡ್ಡೆಯ ಮೇಲೇ ಇರುತ್ತಿತ್ತು ಅಂತ ಗ್ರಂಥ ಹೇಳುತ್ತದೆ. ದಂತಕಥೆಯೇ ಇರಲಿ, ನಾಯಿಯ ಹೆಸರು ಮಾತ್ರ ಇವತ್ತಿನವರೆಗೂ ಉಳಿದಿದೆ.

ಫ್ರಾನ್ಸಿನ ಗಿನ್‌ಫೋರ್ಟ್‌ನ ಕಥೆಯನ್ನು ಮಗಳು ಓದಿ ಹೇಳಿದಾಗ ನಮ್ಮತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಹದಿಮೂರನೇ ಶತಮಾನದಲ್ಲಿ ಲಿಯೋನ್ ಪಟ್ಟಣದ ಹತ್ತಿರದ ಹಳ್ಳಿಯವರು ಒಬ್ಬ ಪಾದ್ರಿಗೆ ಹೇಳಿದ ಕಥೆ ಅದು. ಯಜಮಾನನ ತೊಟ್ಟಿಲ ಕೂಸಿನ ಹತ್ತಿರ ಹಾವು ಬಂತು. ಮನೆಯ ಬೇಟೆನಾಯಿ ಗಿನ್‌ಫೋರ್ಟ್ ಅದನ್ನು ಕಚ್ಚಿ ಸಾಯಿಸಿತು. ಹೊರಗಿನಿಂದ ಬಂದ ಯಜಮಾನ ನಾಯಿಯ ಬಾಯಲ್ಲಿ ರಕ್ತ ನೋಡಿ ಕೂಸನ್ನೇ ಕೊಂದಿದೆ ಅಂತ ತಿಳಿದು ನಾಯಿಯನ್ನು ಕಡಿದುಬಿಟ್ಟ. ನಿಜ ಗೊತ್ತಾದ ಮೇಲೆ ಅದನ್ನು ಬಾವಿಗೆ ಹಾಕಿ, ಕಲ್ಲು ತುಂಬಿ, ಸುತ್ತ ಮರ ನೆಟ್ಟರು. ಹಳ್ಳಿಯ ತಾಯಂದಿರು ಕಾಯಿಲೆ ಬಿದ್ದ ಮಕ್ಕಳನ್ನು ಅಲ್ಲಿಗೆ ಎತ್ತಿಕೊಂಡು ಹೋಗಿ ಹರಕೆ ಹೊರತೊಡಗಿದರು. ಪಾದ್ರಿ ಸಿಟ್ಟಾಗಿ ನಾಯಿಯ ಎಲುಬು ಅಗೆಸಿ ಸುಡಿಸಿದ, ಮರ ಕಡಿಸಿದ. ಆದರೂ ಜನ ಶತಮಾನಗಳ ಕಾಲ ಗಿನ್‌ಫೋರ್ಟ್‌ನನ್ನು ಬಿಡಲಿಲ್ಲ.

'ಇದು ನಮ್ಮ ಮುಂಗುಸಿ ಕಥೆಯೇ ಅಲ್ವನೇ' ಅಂದರು ಅತ್ತೆ. ಹೌದು, ಪಂಚತಂತ್ರದ ಬ್ರಾಹ್ಮಣಿ ಮತ್ತು ಮುಂಗುಸಿಯ ಕಥೆ ಅದೇ. ಯಾವ ದಾರಿಯಲ್ಲಿ ಹೋಯಿತೋ, ಮುಂಗುಸಿ ಇಲ್ಲದ ಊರಿನಲ್ಲಿ ನಾಯಿಯಾಯಿತು. ಅತ್ತೆ ಮರಿಯ ವಿಷಯದಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

ಇಲ್ಲಿ ಅತ್ತೆಯ ಬಗ್ಗೆ ಹೇಳಬೇಕು. ನಾವು ಮೂವರೂ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆಯವರೆಗೆ ಮರಿಯ ಜತೆ ಇರುವವರು ಅವರೇ. ಮಾವನಿಗೆ ಲೈಬ್ರರಿ, ಗೆಳೆಯರು. ಹೊತ್ತಿಗೆ ಸರಿಯಾಗಿ ಹಾಲನ್ನ ಕಲೆಸಿ ಇಡುತ್ತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಮುಟ್ಟುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. 'ಅದು' ಅಂತಲೇ ಹೇಳುವುದು. 'ಅದು ಉಂಡಿತು', 'ಅದು ಹೊರಗಿದೆ'. ಮಗಳು 'ಅಜ್ಜಿ, ನೀವೂ ಒಂದು ಹೆಸರು ಹೇಳಿ' ಅಂದರೆ, 'ನನ್ನ ಕೇಳಬೇಡ ಮಾರಾಯ್ತಿ' ಅಂತ ಒಳಗೆ ಹೋಗಿಬಿಡುತ್ತಿದ್ದರು. ಮಡಿ ಮೈಲಿಗೆ ಇರಬಹುದು ಅಂತ ನಾನು ಕೆದಕಲು ಹೋಗಲಿಲ್ಲ.

ಆತಕೂರಿನ ಕಥೆಯನ್ನು ಮಾವ ಹೇಳಿದ್ದು ಎರಡನೇ ವಾರದ ಭಾನುವಾರ ರಾತ್ರಿ, ಊಟ ಆದಮೇಲೆ. 'ಅವರ ಕಬಾಲ್ ಬರೀ ದಂತಕಥೆ. ನಮ್ಮದು ಕಲ್ಲಿನಲ್ಲಿ ಬರೆದಿಟ್ಟದ್ದು' ಅಂತ ಪೀಠಿಕೆ ಹಾಕಿದರು.

ಆತಕೂರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು. ಅಲ್ಲಿ ಸಿಕ್ಕ ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನದು. ಶಕ ವರ್ಷ 872, ಅಂದರೆ ಕ್ರಿ.ಶ. 949-50ರ ಕಲ್ಲು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ಆ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಕೃಷ್ಣನ ಪರವಾಗಿ ಕಾದಿದವನು ಗಂಗ ದೊರೆ ಇಮ್ಮಡಿ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಅವನ ಪರಾಕ್ರಮ ಮೆಚ್ಚಿ ದೊರೆ 'ಬೇಕಾದ್ದು ಕೇಳಿಕೋ' ಅಂದಾಗ, ಮಣಲೇರ ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

'ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ನಾಯಿ ಕೇಳಿದ ನೋಡು' ಅಂತ ಮಾವ ಇಲ್ಲಿ ಒಂದು ಕ್ಷಣ ನಿಲ್ಲಿಸಿದರು. ಪಾಠ ಮಾಡುವಾಗಿನ ಅಭ್ಯಾಸ.

ಆಮೇಲೆ ಒಂದು ದಿನ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಕಾಳಿಯೂ ಹಂದಿಯೂ ಹೋರಾಡಿ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾದಾಟವನ್ನೇ ಕೆತ್ತಿದ್ದಾರೆ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು. ರಾಜರ ಯುದ್ಧದ ಸುದ್ದಿಯೂ ನಾಯಿಯ ಸಾವಿನ ಸುದ್ದಿಯೂ ಒಂದೇ ಕಲ್ಲಿನ ಮೇಲೆ.

ನಾವೆಲ್ಲ ಸುಮ್ಮನಿದ್ದೆವು. ಅತ್ತೆ ಕೇಳಿದರು, 'ನಾಯಿಗೆ ಕಲ್ಲು ನೆಟ್ಟರಾ?'

'ನೆಟ್ಟರಲ್ಲ, ದಿನಾ ಪೂಜೇನೂ ಮಾಡಿಸಿದ್ರು.'

'ನಾವು ದಾಸೂಗೆ ಒಂದು ಗುಂಡಿಯನ್ನೂ ತೋಡಲಿಲ್ಲ' ಅಂದರು ಅತ್ತೆ.

ನಲವತ್ತೆಂಟು ವರ್ಷದ ಸಂಸಾರದಲ್ಲಿ ಮಾವನೂ ಆ ಹೆಸರು ಕೇಳಿದ್ದು ಅದೇ ಮೊದಲಂತೆ. ಅತ್ತೆಯ ತವರು ಕೊಪ್ಪದ ಕಡೆ, ಅಡಿಕೆ ತೋಟದ ನಡುವಿನ ಒಂಟಿ ಮನೆ. ಚಿಕ್ಕವರಿದ್ದಾಗ ದಾಸು ಅಂತ ನಾಯಿ ಇತ್ತು, ಶಾಲೆಯಿಂದ ಬರುವಾಗ ಸಂಕದವರೆಗೆ ಎದುರು ಬರುತ್ತಿತ್ತು. ರಾತ್ರಿ ಕೊಟ್ಟಿಗೆಯ ಹತ್ತಿರ ಕಟ್ಟುತ್ತಿದ್ದರು. ಮಳೆಗಾಲದ ಒಂದು ರಾತ್ರಿ ಒಂದೇ ಸಮ ಬೊಗಳಿತು, ಆಮೇಲೆ ನಿಂತಿತು. ಬೆಳಿಗ್ಗೆ ನೋಡಿದರೆ ಹಗ್ಗ ಮಾತ್ರ. ಚಿರತೆ. ಕೊಟ್ಟಿಗೆಯ ಕರುಗಳೆಲ್ಲ ಕ್ಷೇಮವಾಗಿದ್ದವು. 'ಕರು ಉಳೀತಲ್ಲ ಅಂತ ಎಲ್ರೂ ಸಮಾಧಾನ ಪಟ್ಕೊಂಡ್ರು. ನಾನು ಅತ್ತಿದ್ದಕ್ಕೆ, ನಾಯಿಗೆಲ್ಲ ಅಳ್ತಾರಾ ಅಂತ ಅಮ್ಮ ಬೈದ್ಳು. ಹೆಸರಿಟ್ಟರೆ ಅಳಬೇಕಾಗುತ್ತೆ ನೋಡು, ಅದಕ್ಕೇ ನಾನು ಬೇಡ ಅಂದಿದ್ದು.'

ಆ ಮಾತನ್ನು ನಾನು ಬಹಳ ಸಲ ಮೆಲುಕು ಹಾಕಿದ್ದೇನೆ. ಹೆಸರಿಡುವುದು ಅಂದರೆ ಅದೇ ಅಲ್ಲವೇ? ಬೀದಿಯಲ್ಲಿ ಸಾವಿರ ನಾಯಿ ಓಡಾಡುತ್ತವೆ, ಹೆಸರಿಟ್ಟ ಒಂದಕ್ಕೆ ಮಾತ್ರ ನಾವು ಹೊಣೆ. ಅದು ರಾತ್ರಿ ಬಾರದಿದ್ದರೆ ನಮಗೆ ನಿದ್ದೆ ಇಲ್ಲ. ನಾಯಿಯ ಆಯಸ್ಸು ಹೆಚ್ಚೆಂದರೆ ಹನ್ನೆರಡು, ಹದಿನೈದು ವರ್ಷ. ಅಳುವುದು ಇದ್ದೇ ಇದೆ ಅಂತ ಗೊತ್ತಿದ್ದೂ ಹೆಸರಿಡುತ್ತೇವೆ. ಆತಕೂರಿನವರೂ ಅಷ್ಟೇ. ನಾಯಿಗೆ ಅಳುವುದು ನಾಚಿಕೆಯ ವಿಷಯ ಅಂತ ಅವರಿಗೆ ಅನ್ನಿಸಲಿಲ್ಲ. ನಾಲ್ಕು ಜನ ನೋಡಲಿ ಅಂತ ದೇವಸ್ಥಾನದ ಮುಂದೆಯೇ ಬರೆಸಿದರು.

ಮಾರನೇ ದಿನ ಮಗಳು 'ಕಾಳಿ' ಅನ್ನುವ ಹೆಸರನ್ನು ಮುಂದಿಟ್ಟಳು. ಅತ್ತೆ 'ಅಮ್ಮನವರ ಹೆಸರು, ಬೈಯೋಕಾಗಲ್ಲ' ಅಂದರು. 'ಹಾಗಾದ್ರೆ ಬೈಯೋದು ಬೇಡ ಅಜ್ಜಿ' ಅಂದಳು ಮಗಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎರಡನೇ ಡೋಸಿನ ದಿನ ಕಾರ್ಡಿನ ಖಾಲಿ ಜಾಗದಲ್ಲಿ ಹೆಸರು ಬಿತ್ತು. 'ಕಂದು ಬಣ್ಣದ ನಾಯಿಗೆ ಕಾಳಿ ಅಂತ ಯಾಕೆ?' ಅಂತ ಕೇಳಿದವರಿಗೆಲ್ಲ ಮಾವ ತಕ್ಕೋಲದ ಯುದ್ಧದಿಂದ ಶುರು ಮಾಡುತ್ತಾರೆ.

ಒಂದೇ ತೊಂದರೆ. ಅಡುಗೆಮನೆಯಿಂದ ನಾನು 'ಹಾಲು ಖಾಲಿ', 'ಸಿಲಿಂಡರ್ ಖಾಲಿ' ಅಂತ ಕೂಗಿದಾಗಲೆಲ್ಲ ಬಾಲ ಅಲ್ಲಾಡಿಸಿಕೊಂಡು ಓಡಿ ಬರುತ್ತಾಳೆ. ಈಗ ನಮ್ಮ ಮನೆಯಲ್ಲಿ ಏನೂ ಖಾಲಿಯಾಗುವುದಿಲ್ಲ, ಎಲ್ಲವೂ 'ಮುಗಿದಿದೆ'.

ನೀವೂ ಹಳೆಯ ಕಾಲದ ಹೆಸರು ಹುಡುಕುತ್ತಿದ್ದರೆ ಎರಡು ಮಾತು. ಹೆಸರು ಎರಡಕ್ಷರ, ಹೆಚ್ಚೆಂದರೆ ಮೂರಕ್ಷರ ಇರಲಿ. ಉದ್ದ ಹೆಸರು ಕೂಗಿ ಮುಗಿಸುವಷ್ಟರಲ್ಲಿ ನಾಯಿ ರಸ್ತೆ ದಾಟಿರುತ್ತದೆ. ಮನೆಯವರ, ಪಕ್ಕದ ಮನೆಯವರ ಹೆಸರಿಗೆ ಹೋಲದಿರಲಿ. ನಮ್ಮ ಹಾಗೆ ದಿನಬಳಕೆಯ ಮಾತಿಗೆ ತಾಗುತ್ತದೆಯೇ ಅಂತಲೂ ಒಮ್ಮೆ ನೋಡಿ. ಗೇಟಿನಲ್ಲಿ ನಿಂತು ಗಟ್ಟಿಯಾಗಿ ಹತ್ತು ಸಲ ಕೂಗಿ, ನಿಮಗೇ ಮುಜುಗರ ಆದರೆ ಆ ಹೆಸರು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ದಿನವೆಲ್ಲ ಅದರ ಜತೆ ಇರುವವರ ಬಾಯಲ್ಲಿ ಹೆಸರು ಸಲೀಸಾಗಿ ಬರಬೇಕು. ಅವರನ್ನು ಕೇಳದೆ ಇಟ್ಟ ಹೆಸರು ಕಾರ್ಡಿನಲ್ಲಷ್ಟೇ ಉಳಿಯುತ್ತದೆ.

ನಮ್ಮತ್ತೆ ಈಗಲೂ ಕಾಳಿಯನ್ನು ಮಡಿಲಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಮೊನ್ನೆ ಆಫೀಸಿನಿಂದ ಫೋನ್ ಮಾಡಿ 'ಮರಿ ಉಂಡಿತಾ ಅತ್ತೆ?' ಅಂತ ಕೇಳಿದೆ. 'ಕಾಳಿ ಆಗಲೇ ಉಂಡಳು, ಈಗ ನನ್ನ ಕಾಲ ಹತ್ತಿರ ಮಲಗಿದಾಳೆ' ಅಂದರು.