ಬೆಂಕಿ ಆರಿಸಿ ಹೊರಡೋಣ



ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾ ಕರಾವಳಿಯ ಫೈಫರ್ ಬಿಗ್ ಸರ್ ಸ್ಟೇಟ್ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟ್ ಹಾಕಿದ್ದೆವು. ಮುಗಿಲೆತ್ತರದ ರೆಡ್‌ವುಡ್ ಮರಗಳು, ಪಕ್ಕದಲ್ಲೇ ಬಿಗ್ ಸರ್ ನದಿ. ಮೊಣಕಾಲುದ್ದದ ತಣ್ಣೀರಿನಲ್ಲಿ ಮಕ್ಕಳು ಮೊಬೈಲ್ ಮರೆತು ಆಡಿದರು. ಇಂಥ ಸುಖ ಪ್ರತಿ ಕುಟುಂಬಕ್ಕೂ ಸಿಗಬೇಕು.

ಆದರೆ ಹೊರಡುವ ದಿನ ಬೆಳಿಗ್ಗೆ ನೋಡಿದರೆ, ಪಕ್ಕದ ಟೆಂಟಿನವರು ಬೆಂಕಿ ಆರಿಸದೆ ಹೋಗಿದ್ದರು. ಬೂದಿಯಡಿ ಕೆಂಡ ಇನ್ನೂ ನಿಗಿನಿಗಿ ಉರಿಯುತ್ತಿತ್ತು. ನಾವೇ ನೀರು ಹೊಯ್ದು ಆರಿಸಿದೆವು.

ಇದು ಸಣ್ಣ ಮಾತಲ್ಲ. 2016ರ ಜುಲೈನಲ್ಲಿ ಇದೇ ಕರಾವಳಿಯ ಗರಪಾಟ ಸ್ಟೇಟ್ ಪಾರ್ಕಿನಲ್ಲಿ ಯಾರೋ ಅಕ್ರಮವಾಗಿ ಹಚ್ಚಿ ಬಿಟ್ಟುಹೋದ ಬೆಂಕಿ ಸೊಬೆರಾನೆಸ್ ಕಾಳ್ಗಿಚ್ಚಾಯಿತು. ಅಕ್ಟೋಬರ್‌ವರೆಗೂ ಉರಿದು 1.32 ಲಕ್ಷ ಎಕರೆ ಸುಟ್ಟಿತು. 57 ಮನೆಗಳು ಬೂದಿಯಾದವು. ಬೆಂಕಿ ತಡೆಯಲು ಹೋದ ಬುಲ್ಡೋಜರ್ ಚಾಲಕರೊಬ್ಬರು ಜೀವ ತೆತ್ತರು.

ಮೇಲೆ ಬೂದಿ ತಣ್ಣಗಿದ್ದರೂ ಒಳಗೆ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಹೊಯ್ದು, ಕೋಲಿನಿಂದ ಕೆದಕಿ, ಮತ್ತೆ ನೀರು ಹೊಯ್ಯಬೇಕು. ಬಿಸಿ ಪೂರ್ತಿ ಆರಿದ ಮೇಲೆಯೇ ಜಾಗ ಬಿಡಬೇಕು. ಶಿಬಿರಕ್ಕೆ ಹೋಗುವ ಕನ್ನಡಿಗ ಕುಟುಂಬಗಳು ಈ ಪಾಠವನ್ನು ಮಕ್ಕಳಿಗೆ ಮೊದಲು ಕಲಿಸಲಿ ಎಂದು ವಿನಂತಿ.

— ಓದುಗ, ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ