ಎದುರಾಳಿ ಇಲ್ಲದ ದೊಣ್ಣೆ

ದಸರಾ ಮೆರವಣಿಗೆಯಲ್ಲಿ ದೊಣ್ಣೆ ವರಸೆಯವರು ಬಂದರೆ ಜನ ಚಪ್ಪಾಳೆ ತಟ್ಟುವುದು ಕೋಲು ಸುತ್ತುವ ವೇಗಕ್ಕೆ. ಕಣ್ಣಿಗೆ ಕೋಲೇ ಕಾಣದಷ್ಟು ಜೋರಾಗಿ ಸುತ್ತಿದವನೇ ಶೂರ. ಅದನ್ನು ಹಗುರ ಮಾಡುತ್ತಿಲ್ಲ, ವರ್ಷಗಟ್ಟಲೆ ಮಣಿಕಟ್ಟು ಸವೆಸಿ ಬಂದ ವಿದ್ಯೆ ಅದು. ಆದರೆ ಎದುರಿಗೆ ಇನ್ನೊಬ್ಬ ಕೋಲು ಹಿಡಿದು ನಿಂತು ಒಂದು ಹೆಜ್ಜೆ ಒಳಗೆ ನುಗ್ಗಿದರೆ ಈತ ಏನು ಮಾಡುತ್ತಾನೆ ಅನ್ನುವುದು ಆ ಸುತ್ತಾಟದಲ್ಲಿ ಎಲ್ಲೂ ಗೊತ್ತಾಗುವುದಿಲ್ಲ. ನಮ್ಮ ಕಡೆ ದೊಣ್ಣೆ ಉಳಿದಿದೆ, ಎದುರಾಳಿ ಕಳೆದುಹೋಗಿದ್ದಾನೆ.

ಅವನೆಲ್ಲಿ ಸಿಗುತ್ತಾನೆ ಅಂತ ನನಗೆ ಗೊತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ನಮ್ಮೂರು ಹೆಡತಲೆಗೆ ಬಂದು ಉಂಡು, ಕಂಪ್ಯೂಟರ್ ಹಾಕಿದರೆ ಸಾಕು. ಆಟದ ಹೆಸರು ಷಿವಲ್ರಿ 2. ಕೆನಡಾದ ಟಾರ್ನ್ ಬ್ಯಾನರ್ ಸ್ಟುಡಿಯೋಸ್ 2021ರಲ್ಲಿ ತಂದದ್ದು. ಯುರೋಪಿನ ಮಧ್ಯಯುಗದ ಮಾದರಿಯ ಕಾಳಗ, ಅಗಾಥಾ ಮತ್ತು ಮೇಸನ್ ಅಂತ ಎರಡು ಪಕ್ಷ, ಒಂದೇ ಮೈದಾನದಲ್ಲಿ 64 ಜನ. ರಕ್ತ ಚಿಮ್ಮುತ್ತದೆ, ರುಂಡ ಹಾರುತ್ತದೆ. ಯುರೋಪಿನಲ್ಲಿ ಇದಕ್ಕೆ 18 ವರ್ಷದ ಮುದ್ರೆ ಇದೆ, ಸರಿಯಾಗಿಯೇ ಇದೆ. ಚಿಕ್ಕ ಮಕ್ಕಳ ಮುಂದೆ ನಾನು ಹಾಕುವುದಿಲ್ಲ.

ನಾನು ಹಿಡಿಯುವುದು ಉದ್ದನೆಯ ಆಯುಧ. ಈಟಿ, ಇಲ್ಲವೇ ಹಾಲ್ಬರ್ಡ್: ಉದ್ದ ಕೋಲಿನ ತುದಿಗೆ ಕೊಡಲಿ, ಅದರ ಮೇಲೊಂದು ಮೊನೆ. 1315ರಲ್ಲಿ ಮೋರ್ಗಾರ್ಟನ್ ಕಣಿವೆಯಲ್ಲಿ ಸ್ವಿಸ್ ಕಾಲಾಳುಗಳು ಆಸ್ಟ್ರಿಯದ ಕುದುರೆ ಸವಾರರನ್ನು ಕೆಡವಿದ್ದು ಇಂಥದ್ದರಲ್ಲೇ. ವ್ಯಾಟಿಕನ್ನಿನ ಕಾವಲಿನವರ ಕೈಯಲ್ಲಿ ಇವತ್ತೂ ಇದೆ.

ನಮ್ಮ ಚಿಕ್ಕಪ್ಪನ ಮಗ ಡಿಗ್ರಿ ಓದುತ್ತಾನೆ. ಅವನೂ ಈಗ ಈಟಿಯ ಗಿರಾಕಿ. ಅವನ ಲೆಕ್ಕ ಸುಲಭ: "ಉದ್ದ ಇರೋದು ತಗಂಡ್ರೆ ಯಾರೂ ಅತ್ರಕ್ಕೆ ಬರಕ್ಕಾಗಲ್ಲ ಅಲ್ವಾಣ್ಣ?" ಬಂದೇ ಬರುತ್ತಾರೆ. ಗುರಾಣಿಯವನೊಬ್ಬ ಎದುರಾಗುತ್ತಾನೆ. ಹುಡುಗ ತಿವಿಯುತ್ತಾನೆ. ಅವನು ಗುರಾಣಿಯಲ್ಲಿ ತಡೆದುಕೊಂಡೇ ಒಂದು ಹೆಜ್ಜೆ ಒಳಗೆ ಇಡುತ್ತಾನೆ. ಹುಡುಗ ನಿಂತಲ್ಲೇ ನಿಂತು ಇನ್ನೊಂದು ತಿವಿತ, ಅವನು ಇನ್ನೊಂದು ಹೆಜ್ಜೆ. ಈಗ ಈಟಿಯ ಮೊನೆ ಅವನ ಬೆನ್ನ ಹಿಂದೆ ಗಾಳಿಯಲ್ಲಿದೆ, ಅವನ ಗಿಡ್ಡ ಕತ್ತಿ ಇವನ ಪಕ್ಕೆಯಲ್ಲಿ.

ಉದ್ದನೆಯ ಆಯುಧ ಹಿಡಿದವರು ಬಹಳ ಮಂದಿ ಮೇಲೆ ಬರದೇ ಇರುವುದು ಇಲ್ಲೇ. ಅಳತೆ ತಮ್ಮ ಪರ ಇದೆ ಅಂದುಕೊಂಡು ಕಾಲು ಮರೆಯುತ್ತಾರೆ. ಆಟದಲ್ಲಿ ಬಲಗೈ ಮೌಸಿನ ಮೇಲಿದ್ದು ಹೊಡೆಯುತ್ತದೆ, ಎಡಗೈ ಕೀಬೋರ್ಡಿನ ಮೇಲಿದ್ದು ಕಾಲು ಆಡಿಸುತ್ತದೆ. ಈಟಿಯವನ ಪ್ರಾಣ ಇರುವುದು ಎಡಗೈಯಲ್ಲಿ. ತಿವಿದ ಮರುಗಳಿಗೆಗೆ ಹಿಂದಕ್ಕೆ ಸರಿಯಬೇಕು, ನೇರ ಹಿಂದಕ್ಕಲ್ಲ, ಓರೆಯಾಗಿ, ಅವನು ಮತ್ತೆ ನಿನ್ನ ಕಡೆ ಮುಖ ತಿರುಗಿಸಿಕೊಳ್ಳುವ ಹಾಗೆ. ಬೀಸು ಹುಸಿಯಾದರೆ ದಮ್ಮು ಖರ್ಚಾಗುತ್ತದೆ, ಹಾಗಾಗಿ ಮೊನೆಗೆ ಎಟುಕದವನಿಗೆ ಬೀಸಲೇಬಾರದು. ಗುರಾಣಿ ಎತ್ತಿಕೊಂಡೇ ನಿಂತವನಿಗೆ ಈಟಿ ಖರ್ಚು ಮಾಡಬೇಡ, ಒದಿ. ಒದೆ ಬಿದ್ದರೆ ಗುರಾಣಿಯ ತಡೆ ಮುರಿಯುತ್ತದೆ.

1599ರಲ್ಲಿ ಜಾರ್ಜ್ ಸಿಲ್ವರ್ ಅನ್ನುವ ಇಂಗ್ಲಿಷಿನವನು ಕತ್ತಿವರಸೆಯ ಮೇಲೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಇಟಲಿಯಿಂದ ಬಂದ ಉದ್ದುದ್ದ ರೇಪಿಯರ್ ಕತ್ತಿಗಳ ಮೇಲೆ ಅವನಿಗೆ ವಿಪರೀತ ಕೋಪ. ಪ್ರತಿ ಆಯುಧಕ್ಕೂ ಹಿಡಿದವನ ಮೈಗೆ ತಕ್ಕ ಒಂದು ಅಳತೆ ಇದೆ, ಅದನ್ನು ಮೀರಿದ ಉದ್ದ ಹಿಡಿದವನಿಗೇ ತೊಡಕು ಎಂದು ಅವನ ವಾದ. ಅವನ ಇನ್ನೊಂದು ಮಾತು ನನಗೆ ಬೇಕಾದದ್ದು: ಕೈ ಚಲಿಸಲು ಹಿಡಿಯುವ ಹೊತ್ತಿಗಿಂತ ಕಾಲು ಚಲಿಸಲು ಹಿಡಿಯುವ ಹೊತ್ತು ಹೆಚ್ಚು. ಅಂದರೆ ಎದುರಿನವನು ನನ್ನನ್ನು ಮುಟ್ಟಲು ಕಾಲು ಎತ್ತಲೇಬೇಕಾದ ದೂರದಲ್ಲಿ, ನಾನು ಬರೀ ಕೈಯಲ್ಲಿ ಅವನನ್ನು ಮುಟ್ಟಬಲ್ಲ ದೂರದಲ್ಲಿ ನಿಂತರೆ ಗೆಲುವು ನನ್ನದು. ಉದ್ದನೆಯ ಆಯುಧ ಕೊಡುವುದು ಆ ಒಂದು ಹೆಜ್ಜೆಯ ಲಾಭ, ಅಷ್ಟೇ. ಆ ಹೆಜ್ಜೆಯನ್ನು ಬಿಟ್ಟುಕೊಟ್ಟ ಮೇಲೆ ಕೈಯಲ್ಲಿರುವುದು ಸೌದೆ.

ಕೈಚಳಕವೂ ಇದೆ. ಬೀಸಿನ ನಡುವೆಯೇ ಮೈಯನ್ನು ಬೀಸಿನ ದಿಕ್ಕಿಗೆ ತಿರುಗಿಸಿದರೆ ಏಟು ಎಣಿಸಿದ್ದಕ್ಕಿಂತ ಮೊದಲೇ ಬೀಳುತ್ತದೆ, ವಿರುದ್ಧ ತಿರುಗಿಸಿದರೆ ತಡವಾಗಿ. ಬೇಗ ಅಡ್ಡ ಹಿಡಿದವನು ಕೈ ಇಳಿಸುವಷ್ಟರಲ್ಲಿ ತಡವಾದ ಏಟು ಬಂದು ಕೂರುತ್ತದೆ. ಉದ್ದನೆಯ ಆಯುಧಕ್ಕೆ ಬೀಸಿನ ಹಾದಿ ಉದ್ದ, ಹಾಗಾಗಿ ಈ ಮೋಸಕ್ಕೆ ಜಾಗವೂ ಹೆಚ್ಚು. ಹುಡುಗರು ವಿಡಿಯೊ ನೋಡಿ ಇದನ್ನೇ ಮೊದಲು ಕಲಿಯುತ್ತಾರೆ, ಕಾಲನ್ನು ಆಮೇಲೆ. ತಿರುವುಮುರುವು.

ಇನ್ನೊಂದು ತಾಪತ್ರಯ: ಏಟು ಸ್ವಂತ ಪಕ್ಷದವರಿಗೂ ಬೀಳುತ್ತದೆ. ಗುಂಪಿನಲ್ಲಿ ಹಾಲ್ಬರ್ಡ್ ಅಡ್ಡ ಬೀಸಿದರೆ ವೈರಿಗಿಂತ ಮೊದಲು ಪಕ್ಕದವನಿಗೆ ಗಾಯ. ಉದ್ದದವನ ಜಾಗ ಗುರಾಣಿಯವನ ಹೆಗಲ ಹಿಂದೆ, ಮೇಲಿನಿಂದ ಹೊಡೆತ ಇಲ್ಲವೇ ನೇರ ತಿವಿತ. ಹಿಂದಿನ ಸಾಲು ಅಂದರೆ ನಮ್ಮ ಹುಡುಗರಿಗೆ ಅವಮಾನ. ಹೆಡತಲೆಯ ಲಕ್ಷ್ಮೀಕಾಂತನ ಗುಡಿಯಲ್ಲಿ ಹದಿನಾರು ಮುಖದ ಚಾವಡಿ ಇದೆಯಲ್ಲ, ಹದಿನಾರು ಅಳಿಯಂದಿರಲ್ಲಿ ಯಾರೂ ಹಿಂದೆ ಕೂತೆ ಅನ್ನಬಾರದು ಅಂತ ಕಟ್ಟಿಸಿದ್ದು ಎಂದು ಊರಲ್ಲಿ ಕಥೆ ಹೇಳುತ್ತಾರೆ. ಆಟದ ಮೈದಾನಕ್ಕೆ ಅಂಥ ಚಾವಡಿ ಕಟ್ಟಿಸುವವರಿಲ್ಲ.

ಪಕ್ಕದೂರಿನ ವಸ್ತಾದ್ ತಾತ ಒಂದು ಭಾನುವಾರ ನಮ್ಮ ಜಗಲಿಗೆ ಬಂದವರು ಒಳಗೆ ಬಂದು ಪರದೆ ನೋಡಿದರು. ಒಂದು ಕಾಲಕ್ಕೆ ದೊಣ್ಣೆ ಕಲಿಸಿದವರು. ರುಂಡ ಹಾರಿದ್ದಕ್ಕೆ ಮುಖ ಸಿಂಡರಿಸಿದರು, ಆಮೇಲೆ ಕುರ್ಚಿ ಎಳೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಹುಡುಗನ ಕಡೆ ಬೆರಳು ತೋರಿಸಿ, "ಇವ್ನು ಕೋಲ್ನ ನೋಡ್ತಾವ್ನೆ, ಆಳ್ನ ನೋಡ್ತಿಲ್ಲ. ಎದೆ ನೋಡ್ಲಾ. ಕಾಲು ಎತ್ತೋಕೆ ಮುಂಚೆ ಎದೆ ವಾಲ್ತದೆ" ಅಂದರು. ಹುಡುಗ ನೋಡಿದ. ಪರದೆಯ ಮೇಲಿನ ಗೊಂಬೆಯೂ ಹೆಜ್ಜೆ ಇಡುವ ಮೊದಲು ಭುಜ ತಿರುಗಿಸುತ್ತದೆ. ಮೌಸ್ ಮುಟ್ಟದ ಮನುಷ್ಯ ಅದನ್ನು ಕಂಡಿದ್ದರು.

ಇಂಥ ಕಣ್ಣು ಇನ್ನೂ ಊರುಗಳಲ್ಲಿ ಇದೆ, ಕೇಳುವವರಿಲ್ಲ. ಗರಡಿಯಲ್ಲಿ ಕುಸ್ತಿ ಎದುರಾಳಿಯನ್ನು ಉಳಿಸಿಕೊಂಡಿತು. ಮಟ್ಟಿಯ ಮೇಲೆ ಇಬ್ಬರು ನಿಂತೇ ನಿಲ್ಲುತ್ತಾರೆ, ದಸರಾ ಬಂದರೆ ಮೈಸೂರಿನ ದೇವರಾಜ ಅರಸು ಕ್ರೀಡಾಂಗಣ ತುಂಬುತ್ತದೆ. ದೊಣ್ಣೆಗೆ ಆ ಭಾಗ್ಯ ಬರಲಿಲ್ಲ. ಬಿದಿರಿನಲ್ಲಿ ಜಿದ್ದಿಗೆ ಬಿದ್ದರೆ ತಲೆ ಒಡೆಯುತ್ತದೆ, ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ ಅನ್ನುವ ಭಯ ಸುಳ್ಳಲ್ಲ. ಆದರೆ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳು ಮುಷ್ಟಿಗೆ ವಜ್ರನಖ ತೊಟ್ಟು ಎದುರುಬದುರಾಗುತ್ತಾರೆ. ತಲೆಯಿಂದ ಮೊದಲ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಅಪಾಯದ ಆಟಕ್ಕೆ ಕಟ್ಟು ಹಾಕುವುದು ಮೈಸೂರಿಗೆ ಹೊಸದಲ್ಲ.

ಬೇರೆಯವರು ದೊಣ್ಣೆಗೂ ಅಂಥ ಕಟ್ಟು ಹಾಕಿದ್ದಾರೆ. ತಮಿಳುನಾಡಿನ ಸಿಲಂಬದಲ್ಲಿ ಇಬ್ಬರು ಎದುರುಬದುರು ನಿಂತು ಆಡುವ ಸ್ಪರ್ಧೆ ಇದೆ, ಎದುರಾಳಿಯ ಮೈಗೆ ಕೋಲು ತಾಕಿಸಿದವರಿಗೆ ಅಂಕ. 2024ರ ಜನವರಿಯಲ್ಲಿ ಅಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದನ್ನು ಪ್ರದರ್ಶನ ಕ್ರೀಡೆಯಾಗಿ ಸೇರಿಸಿದರು. ಜಪಾನಿನಲ್ಲಿ ನಗಿನಾತ ಇದೆ. ಉದ್ದ ಹಿಡಿಯ ತುದಿಗೆ ಬಾಗಿದ ಅಲಗಿದ್ದ ಹಳೆಯ ಯುದ್ಧಾಯುಧ, ಈಗ ಅಲಗಿನ ಜಾಗಕ್ಕೆ ಬಿದಿರಿನ ಪಟ್ಟಿ ಕಟ್ಟಿ ಆಡುತ್ತಾರೆ. ಆಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 1955ರಿಂದ ಅದಕ್ಕೊಂದು ರಾಷ್ಟ್ರೀಯ ಒಕ್ಕೂಟವಿದೆ. ತಲೆ, ಮಣಿಕಟ್ಟು, ಪಕ್ಕೆ ಅಲ್ಲದೆ ಮೊಣಕಾಲ ಕೆಳಗಿನ ಏಟಿಗೂ ಅಂಕ ಉಂಟು, ಅದಕ್ಕೆಂದೇ ಕಾಲಿಗೆ ಕವಚ ಕಟ್ಟುತ್ತಾರೆ.

ಕಂಪ್ಯೂಟರ್ ಆಟ ಅಂದ ಕೂಡಲೇ ನಮ್ಮಲ್ಲಿ ರಮ್ಮಿ, ಸಾಲ, ಆತ್ಮಹತ್ಯೆ ನೆನಪಾಗುತ್ತದೆ. ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನು ತಂದು ನಿಷೇಧಿಸಿತು, ಒಳ್ಳೆಯದಾಯಿತು. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು, ಅದನ್ನು ಓದಿದವರು ಕಡಿಮೆ. ಆದರೂ ನಾನು ಆಟದ ವಕೀಲನಲ್ಲ. ಪರದೆ ಕಣ್ಣಿಗೆ ದೂರದ ಅಂದಾಜು ಕಲಿಸುತ್ತದೆ, ಎದುರಾಳಿಯನ್ನು ಓದುವುದು ಕಲಿಸುತ್ತದೆ. ಭುಜಕ್ಕೆ, ಉಸಿರಿಗೆ, ಹೆಬ್ಬೆರಳಿನ ಸಂದಿಗೆ ಏನೂ ಕಲಿಸುವುದಿಲ್ಲ. ಗರಡಿಯಲ್ಲಿ ಅದೆಲ್ಲ ಇದೆ, ದೊಣ್ಣೆಗೆ ಎದುರು ನಿಲ್ಲುವವನಿಲ್ಲ. ಈ ಎರಡನ್ನು ಒಂದು ಕಡೆ ತರಬಾರದೇಕೆ?

ನಾನು ಕೇಳುವುದು ಇಷ್ಟು. ದಸರಾ ಕುಸ್ತಿಯ ಜೊತೆಗೆ ಒಂದು ದಿನ ದೊಣ್ಣೆಯ ಜೋಡಿ ಪಂದ್ಯ ಇಡಲಿ. ಅದಕ್ಕೆ ಮುಂಚೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಹಳೆಯ ವಸ್ತಾದರನ್ನು ವಾರಕ್ಕೊಮ್ಮೆ ಕರೆಸಲಿ, ಗೌರವಧನ ಕೊಟ್ಟು, ಬರೀ ಶಾಲು ಹೊದಿಸಿ ಅಲ್ಲ. ಖರ್ಚೇನು? ಬಿದಿರು ಮೈಸೂರಿನ ಬಂಬೂ ಬಜಾರಿನಲ್ಲಿ ಸಿಗುತ್ತದೆ. ಹಿಡಿಯುವವರ ಹಣೆಯ ಮಟ್ಟಕ್ಕೆ ಕತ್ತರಿಸಿ, ಎರಡೂ ತುದಿಗೆ ಫೋಮ್ ಸುತ್ತಿ ಬಟ್ಟೆ ಬಿಗಿದರೆ ಕೋಲು ತಯಾರು. ತಲೆಗೆ ಜಾಲರಿ ಇರುವ ಕ್ರಿಕೆಟ್ ಹೆಲ್ಮೆಟ್, ಕಾಲಿಗೆ ಅದರದ್ದೇ ಪ್ಯಾಡ್. ಇವು ಶಾಲೆಯ ಕೋಣೆಯಲ್ಲಿ ಹೇಗೂ ಬಿದ್ದಿವೆ. ಹೆಣ್ಣುಮಕ್ಕಳಿಗೂ ಮೊದಲ ದಿನದಿಂದಲೇ ಕೋಲು ಕೊಡಬೇಕು.

ತಾತನಿಗೆ ಈ ಯೋಜನೆ ಹೇಳಿದೆ. ಹೆಲ್ಮೆಟ್ಟಿಗೆ ನಕ್ಕರು, ಫೋಮಿಗೆ ಒಪ್ಪಿದರು. ತಲೆ ಮತ್ತು ಪಕ್ಕೆಗೆ ಮಾತ್ರ ಅಂಕ ಇಟ್ಟರೆ ಹೇಗೆ ಅಂದಾಗ ಮಾತ್ರ ತಲೆ ಅಲ್ಲಾಡಿಸಿದರು. "ಕಾಲ್ಗೆ ಒಡ್ಯದು ಬುಡುಸ್ಬುಟ್ರೆ ಯಾವ್ನೂ ಕಾಲ್ ಆಡ್ಸಕಿಲ್ಲ ಕಣಪ್ಪ. ಅಂಗಿದ್ರೆ ನಾ ಬರಕಿಲ್ಲ." ಜಪಾನಿನವರ ಕಾಲಿನ ಕವಚದ ವಿಷಯ ಹೇಳಿದ ಮೇಲೆ, ಅದು ಹೇಗಿರುತ್ತದೆ ಫೋಟೊ ತೋರಿಸು ಅಂದರು.